ಹನ್ನೆರಡರೊಳಗೆ ಇಳಿಯುವ ದಾರಿ

ಮಳೆಯಲ್ಲಿ ತೋಯುವುದೆಂದರೆ ಕನ್ನಡದ ಚಾರಣಿಗರಿಗೆ ಹಬ್ಬ. ಜೂನ್ ಕಳೆಯುತ್ತಿದ್ದಂತೆ ಶುಕ್ರವಾರ ರಾತ್ರಿಯ ಬಸ್ಸುಗಳು ಕಳಸ, ಚಿಕ್ಕಮಗಳೂರು, ಸಕಲೇಶಪುರದ ಕಡೆಗೆ ತುಂಬಿ ಹೊರಡುತ್ತವೆ. ಗುಡ್ಡದ ಮೇಲೆ ಮಂಜು ಕವಿದು ಮುಂದೆ ನಡೆಯುವವರ ಬೆನ್ನು ಕಾಣದಿದ್ದರೂ ಯಾರಿಗೂ ಗಾಬರಿಯಿಲ್ಲ. ಉಂಬಳ ಹತ್ತಿದರೆ ಉಪ್ಪು ಇದೆ, ಬಟ್ಟೆ ಒದ್ದೆಯಾದರೆ ಸಂಜೆ ಹೋಂಸ್ಟೇಯಲ್ಲಿ ಹಂಡೆ ತುಂಬ ಬಿಸಿನೀರಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಕೂಡ ಎರಡು ಸಾವಿರ ಮೀಟರ್ ಮುಟ್ಟುವುದಿಲ್ಲ. ಅಲ್ಲಿನ ಮಳೆ ಎಷ್ಟೇ ಜೋರಾಗಿರಲಿ, ಅದರಲ್ಲಿ ಮೋಸವಿಲ್ಲ. ಬೆಳಗ್ಗೆ ಹಿಡಿದದ್ದು ಸಂಜೆಗೂ ಅದೇ ಹದದಲ್ಲಿ ಸುರಿಯುತ್ತಿರುತ್ತದೆ. ನೆನೆದವರು ನಡುಗುತ್ತಾರೆ, ಕಾಫಿ ಕುಡಿಯುತ್ತಾರೆ, ನಗುತ್ತಾರೆ.

ಇದೇ ಅಭ್ಯಾಸವನ್ನು ಜೊತೆಗಿಟ್ಟುಕೊಂಡು ನಾವು ಹಿಮಾಲಯದ ಸರೋವರಗಳಿಗೆ ಹೋಗುತ್ತೇವೆ. ಕಾಶ್ಮೀರದ ವಿಶನ್‌ಸರ್, ಗಂಗಬಲ್, ಹಿಮಾಚಲದ ಭೃಗು ಸರೋವರ, ಗಢ್ವಾಲದ ದೋಡಿತಾಲ್, ಕೇದಾರ್‌ತಾಲ್, ಸಹಸ್ರತಾಲ್. ಈ ದಾರಿಗಳಲ್ಲಿ ಒಂದು ದಿನ ನಡೆದರೂ ಸಾಕು, ಎಲ್ಲೋ ಒಂದು ಗುಡಾರದಿಂದ ಕನ್ನಡ ಕೇಳಿಸುತ್ತದೆ. ಕಾಲಿನ ಬಲಕ್ಕೆ, ಹುಮ್ಮಸ್ಸಿಗೆ ನಮ್ಮವರಲ್ಲಿ ಕೊರತೆಯಿಲ್ಲ. ಆದರೆ ಪಶ್ಚಿಮ ಘಟ್ಟ ನಮಗೆ ಕಲಿಸಿದ ಒಂದು ಪಾಠ ಅಲ್ಲಿ ತಲೆಕೆಳಗಾಗುತ್ತದೆ. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ, ಗಾಳಿಯ ಬಾಯಿಗೆ ಸಿಕ್ಕು, ನೆನೆಯುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ.

2024ರ ಮೇ ಕೊನೆಯಲ್ಲಿ ಉತ್ತರಾಖಂಡದ ಉತ್ತರಕಾಶಿ ಕಡೆಯಿಂದ ಸಹಸ್ರತಾಲ್‌ಗೆ ಹೊರಟ 22 ಮಂದಿಯ ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. ಸರೋವರಗಳನ್ನು ನೋಡಿ ಜೂನ್ 3ರಂದು ಬೇಸ್ ಕ್ಯಾಂಪಿಗೆ ಮರಳುವ ದಾರಿಯಲ್ಲಿ ಅವರನ್ನು ಹಿಮಗಾಳಿ ಹಿಡಿಯಿತು. ದಾರಿ ಕಾಣದಾಯಿತು, ಬಯಲಿನಲ್ಲೇ ರಾತ್ರಿ ಕಳೆಯಬೇಕಾಯಿತು. ಒಂಬತ್ತು ಮಂದಿ ಹಿಂದಿರುಗಲಿಲ್ಲ. ಉಳಿದ ಹದಿಮೂರು ಮಂದಿಯನ್ನು ರಕ್ಷಣಾ ತಂಡಗಳು ಮತ್ತು ವಾಯುಪಡೆಯ ಹೆಲಿಕಾಪ್ಟರುಗಳು ಕೆಳಕ್ಕೆ ತಂದವು. ರಾಜ್ಯದ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಹೋಗಿ ನಿಂತರು. ಆ ವಾರ ಬೆಂಗಳೂರಿನ ಚಾರಣ ಗುಂಪುಗಳಲ್ಲಿ ಬೇರೆ ಮಾತಿರಲಿಲ್ಲ. ತೀರಿಕೊಂಡವರಲ್ಲಿ ವರ್ಷಗಟ್ಟಲೆ ಬೆಟ್ಟ ಹತ್ತಿದ ಅನುಭವಿಗಳಿದ್ದರು. ಅದೇ ನಮ್ಮನ್ನು ಹೆಚ್ಚು ಅಲುಗಿಸಿದ್ದು.

ತಪ್ಪು ಯಾರದ್ದು ಎಂದು ಇಲ್ಲಿ ಕುಳಿತು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ನನ್ನನ್ನು ಕಾಡಿದ್ದು ಬೇರೆ. ಆಮೇಲೆ ಕೇಳಿಬಂದ ಬಹಳಷ್ಟು ಮಾತು ‘ಹಿಮಾಲಯದ ಹವಾಮಾನ ಯಾವಾಗ ಹೇಗೆ ಬದಲಾಗುತ್ತದೋ ಹೇಳಲು ಬರುವುದಿಲ್ಲ’ ಎಂಬಲ್ಲಿಗೇ ಬಂದು ನಿಂತಿತು. ಇದು ಅರ್ಧ ನಿಜ. ಬೆಟ್ಟದ ಹವೆಗೆ ಅದರದೇ ದಿನಚರಿ ಇದೆ. ಅದು ತಕ್ಕಮಟ್ಟಿಗೆ ಗಡಿಯಾರ ನೋಡಿಕೊಂಡೇ ನಡೆಯುತ್ತದೆ. ಅದರ ಜೊತೆ ಹೊಂದದಿರುವುದು ನಮ್ಮ ರಜೆಯ ಪಟ್ಟಿ.

ಆ ದಿನಚರಿ ಹೀಗಿದೆ. ರಾತ್ರಿ ಇಳಿಜಾರುಗಳು ತಣ್ಣಗಾಗುತ್ತವೆ, ಭಾರವಾದ ತಂಪು ಗಾಳಿ ಕಣಿವೆಯೊಳಗೆ ಜಾರುತ್ತದೆ. ಅದಕ್ಕೇ ನಸುಕಿನಲ್ಲಿ ಆಕಾಶ ತಿಳಿಯಾಗಿರುತ್ತದೆ, ಹತ್ತುವವರ ಮುಖಕ್ಕೆ ಮೇಲಿನಿಂದ ಗಾಳಿ ಬಡಿಯುತ್ತದೆ. ಬಿಸಿಲು ಬಿದ್ದ ಮೇಲೆ ಬಂಡೆಗಳು, ಹುಲ್ಲುಗಾವಲುಗಳು ಕಾಯುತ್ತವೆ, ಗಾಳಿಯ ದಿಕ್ಕು ತಿರುಗುತ್ತದೆ. ಕಣಿವೆಯ ತೇವವನ್ನು ಹೊತ್ತು ಅದು ಇಳಿಜಾರಿನಗುಂಟ ಮೇಲೇರುತ್ತದೆ. ಮೇಲೇರಿದಂತೆ ತಣಿದು ಹತ್ತು-ಹನ್ನೊಂದರ ಸುಮಾರಿಗೆ ಶಿಖರಗಳ ಹೆಗಲಲ್ಲಿ ಸಣ್ಣ ಬಿಳಿ ಮೋಡಗಳಾಗುತ್ತದೆ. ಆ ಮೋಡಗಳು ಅಗಲವಾಗಿ ಹರಡಿಕೊಂಡರೆ ಚಿಂತೆಯಿಲ್ಲ. ನೆಟ್ಟಗೆ ಎತ್ತರಕ್ಕೆ ಬೆಳೆಯತೊಡಗಿದರೆ ಒಂದೆರಡು ಗಂಟೆಯಲ್ಲಿ ಆಲಿಕಲ್ಲು, ಗುಡುಗು, ಇನ್ನೂ ಮೇಲೆ ಹಿಮ. ಸಂಜೆಗೆ ಬಹಳ ಸಲ ಎಲ್ಲ ತಿಳಿಯಾಗುತ್ತದೆ. ಮುಂಗಾರಿಗೆ ಮುಂಚಿನ ಮೇ, ಜೂನ್ ತಿಂಗಳಲ್ಲಿ, ನೆಲ ಚೆನ್ನಾಗಿ ಕಾದಿರುವಾಗ, ಈ ಆಟ ಜೋರು. ಇದರ ಮೇಲೆ ಮೆಡಿಟರೇನಿಯನ್ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಪಶ್ಚಿಮದ ಕ್ಷೋಭೆಯೂ ಸೇರಿದರೆ ಮಧ್ಯಾಹ್ನದ ಒಂದು ಗಂಟೆಯ ಮಳೆ ದಿನಗಟ್ಟಲೆ ಹಿಡಿಯುವ ಹಿಮವಾಗುತ್ತದೆ. ಅಂಥ ಕ್ಷೋಭೆ ಬರುತ್ತಿದೆಯೆಂದು ಹವಾಮಾನ ಇಲಾಖೆ ಸಾಮಾನ್ಯವಾಗಿ ಮುಂಚೆಯೇ ಹೇಳಿರುತ್ತದೆ. ಆದರೆ ಜಿಲ್ಲೆಗೆ ಅನ್ವಯಿಸುವ ‘ಹಗುರ ಮಳೆ’ ಮೂರು ಸಾವಿರ ಮೀಟರಿನ ಮೇಲೆ ಯಾವ ರೂಪದಲ್ಲಿ ಬೀಳುತ್ತದೆ ಎಂಬುದನ್ನು ನಾವೇ ಲೆಕ್ಕ ಹಾಕಬೇಕು. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಕೆಳಗಿನ ಹಳ್ಳಿಯಲ್ಲಿ ಸ್ವೆಟರ್ ಸಾಕೆನಿಸುವ ಮಧ್ಯಾಹ್ನ ಸರೋವರದ ದಂಡೆಯಲ್ಲಿ ಶೂನ್ಯದ ಹತ್ತಿರ ಇರಬಹುದು. ಗಾಳಿಯ ಹೊಡೆತ ಇದಕ್ಕೆ ಹೊರತು.

ಬೆಟ್ಟದ ತುದಿಗೆ ಹೋಗುವುದಕ್ಕೂ ಬೆಟ್ಟದ ಸರೋವರಕ್ಕೆ ಹೋಗುವುದಕ್ಕೂ ಒಂದು ವ್ಯತ್ಯಾಸವಿದೆ. ಅದನ್ನು ಯಾವ ಪ್ಯಾಕೇಜಿನ ಹಾಳೆಯೂ ಹೇಳುವುದಿಲ್ಲ. ಇಂಥ ಸರೋವರಗಳಲ್ಲಿ ಹೆಚ್ಚಿನವು ಹಿಮನದಿ ಕೊರೆದ ಬೋಗುಣಿಗಳು. ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಹಿಮನದಿ ತಳ್ಳಿ ತಂದು ಸುರಿದ ಕಲ್ಲಿನ ಏರಿ. ದಂಡೆಯಲ್ಲಿ ಕುಳಿತವರಿಗೆ ತಲೆಯ ಮೇಲಿನ ಒಂದು ತುಂಡು ಆಕಾಶ ಮಾತ್ರ ಕಾಣುತ್ತದೆ. ಗೋಡೆಯ ಆಚೆ ಏನು ಬೆಳೆಯುತ್ತಿದೆಯೆಂಬುದು ಅದು ಗೋಡೆ ದಾಟಿ ಬರುವವರೆಗೂ ತಿಳಿಯದು. ಶಿಖರದಲ್ಲಿ ನಿಂತವರಿಗೆ ಇಪ್ಪತ್ತು ಮೈಲಿ ದೂರದ ಕರಿಮೋಡವೂ ಕಾಣುತ್ತದೆ, ಸರೋವರದಲ್ಲಿ ಕುಳಿತವರಿಗೆ ಆ ಸೌಲಭ್ಯವಿಲ್ಲ. ಜೊತೆಗೆ ಮರಗಳ ಗೆರೆಯನ್ನು ದಾಟಿ ಬಂದಿರುವುದರಿಂದ ಆಸರೆ ಇಲ್ಲ. ಹಿಂದಿರುಗಲು ಮೊದಲು ಆ ಕಲ್ಲಿನ ಏರಿಯನ್ನು ಹತ್ತಬೇಕು, ಆಮೇಲೆ ಬೋಳು ದಿಣ್ಣೆಯ ಮೇಲೆ ಗಾಳಿಗೆ ಎದೆಯೊಡ್ಡಿ ನಡೆಯಬೇಕು. ದಾರಿಯ ಹಳ್ಳಗಳಿಗೂ ಇದೇ ಗಡಿಯಾರ. ರಾತ್ರಿ ಹೆಪ್ಪುಗಟ್ಟಿದ್ದ ಹಿಮ ಬಿಸಿಲಿಗೆ ಕರಗಿ ಹರಿಯುವುದರಿಂದ ಬೆಳಗ್ಗೆ ಮೊಣಕಾಲಿನವರೆಗಿದ್ದ ನೀರು ಮಧ್ಯಾಹ್ನದ ಮೇಲೆ ತೊಡೆಗೆ ಬರುತ್ತದೆ. ರಾತ್ರಿಯ ಮಂಜುಗಡ್ಡೆ ಹಿಡಿದಿಟ್ಟಿದ್ದ ಕಲ್ಲುಗಳು ಬಿಸಿಲೇರಿದಂತೆ ಸಡಿಲವಾಗಿ ಉರುಳುತ್ತವೆ. ಅಂದರೆ ಮಳೆ ಬರದಿದ್ದರೂ ಮಧ್ಯಾಹ್ನದ ದಾರಿ ಬೆಳಗಿನ ದಾರಿಯಲ್ಲ.

ಗಂಗೋತ್ರಿಯ ಮೇಲಿನ ಕೇದಾರ್‌ತಾಲ್ ದಾರಿಯಲ್ಲಿ ಇದನ್ನು ನಾನು ಹತ್ತಿರದಿಂದ ನೋಡಿದೆ. ಗಂಗೋತ್ರಿಯಿಂದಲೇ ನೆಟ್ಟಗೆ ಏರುವ ದಾರಿ ಅದು. ಭೋಜಪತ್ರದ ಮರಗಳ ಭೋಜ್‌ಖರಕ್, ಅಲ್ಲಿಂದ ಕಲ್ಲು ಉರುಳುವ ಒಂದು ಜಾರುಗುಡ್ಡ, ಆಮೇಲೆ ನೀಲಿಕುರಿಗಳು ಮೇಯುವ ಕೇದಾರ್‌ಖರಕ್. ಅದರಾಚೆ ಹಿಮನದಿಯ ಕಲ್ಲುರಾಶಿಯ ಮೇಲೆ ಹೆಜ್ಜೆ ಹುಡುಕುತ್ತಾ ಹೋದರೆ 4,750 ಮೀಟರ್ ಎತ್ತರದಲ್ಲಿ ತಾಲ್. ಎದುರಿಗೆ 6,904 ಮೀಟರಿನ ಥಲಯ್ ಸಾಗರ್ ಶಿಖರ. ಕೇದಾರ್‌ಖರಕ್‌ನಿಂದ ನಾವು ಕತ್ತಲಿರುವಾಗಲೇ ಹೊರಟಿದ್ದೆವು. ಬೆಳಗು ಸ್ವಚ್ಛವಾಗಿತ್ತು. ಒಂಬತ್ತರ ಹೊತ್ತಿಗೆ ನಮ್ಮ ಗೈಡ್ ನಿಂತ. ಅವನ ಗಮನಕ್ಕೆ ಬಂದದ್ದು ನಮ್ಮಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಅಲ್ಲಿಯವರೆಗೆ ಮುಖಕ್ಕೆ ಬೀಸುತ್ತಿದ್ದ ಗಾಳಿ ಬೆನ್ನಿಗೆ ಬಂದಿತ್ತು, ಅದೂ ದಿನದ ರೂಢಿಗಿಂತ ಬಹಳ ಮುಂಚೆ. ಭೃಗುಪಂಥದ ಬೆನ್ನಿನಿಂದ ಒಂದು ಮೋಡ ತಲೆ ಎತ್ತಿತ್ತು. ಅವನು ಅದನ್ನು ನೋಡಿದ, ಹತ್ತು ನಿಮಿಷ ಕುಳಿತ, ಮತ್ತೆ ನೋಡಿದ. ಮೋಡ ಅಗಲವಾಗಿರಲಿಲ್ಲ, ಉದ್ದವಾಗಿತ್ತು. ‘ಇವತ್ತು ಬೇಡ ಸಾಬ್, ಇಳಿಯೋಣ’ ಎಂದ.

ತಾಲ್‌ಗೆ ಇನ್ನೊಂದು ಗಂಟೆಯ ದಾರಿ ಇತ್ತು. ಆಕಾಶದ ಮುಕ್ಕಾಲು ಭಾಗ ನೀಲಿಯಾಗಿತ್ತು. ತಂಡದಲ್ಲಿ ಏನೇನು ಮಾತು ಬಂದಿರಬಹುದೆಂದು ಓದುಗರು ಊಹಿಸಬಲ್ಲರು. ಇಷ್ಟು ದೂರ ಬಂದು, ಇಷ್ಟು ಖರ್ಚು ಮಾಡಿ, ಬೇಕಾದರೆ ನಾವೇ ಹೋಗಿ ಬರುತ್ತೇವೆ. ಅವನು ವಾದಿಸಲಿಲ್ಲ. ಎಲ್ಲರ ಹಿಂದೆ ನಿಂತ, ಎಲ್ಲರನ್ನೂ ಮುಂದೆ ಇಳಿಸಿದ. ಹಳ್ಳ ದಾಟಿ ಗುಡಾರ ಸೇರಿ ಊಟ ಮುಗಿಸಿದೆವು. ಆಲಿಕಲ್ಲು ಬೀಳಲಿಲ್ಲ. ನಾಲ್ಕು ಹನಿ ಉದುರಿಸಿ ಮೋಡ ಚದುರಿತು. ಮೂರು ಗಂಟೆಗೆ ಥಲಯ್ ಸಾಗರ್ ಸ್ವಚ್ಛವಾಗಿ ಹೊಳೆಯುತ್ತಿತ್ತು. ಗೊಣಗಾಟ ಇನ್ನಷ್ಟು ಹೆಚ್ಚಿತು.

ಆ ಗೈಡ್ ಮಾಡಿದ್ದು ನೂರಕ್ಕೆ ನೂರು ಸರಿ ಎಂದು ನಾನು ನಂಬುತ್ತೇನೆ. ಬಿರುಗಾಳಿ ಬೀಸಿ ಅವನ ಮಾತು ನಿಜವಾಗಿದ್ದರೆ ಎಲ್ಲರೂ ಕೈಮುಗಿಯುತ್ತಿದ್ದರು. ಬೀಸದಿದ್ದರೂ ಆ ತೀರ್ಮಾನದ ಬೆಲೆ ಕಡಿಮೆಯಾಗುವುದಿಲ್ಲ. ಒಂಬತ್ತು ಗಂಟೆಗೆ ಅವನ ಕಣ್ಣಿಗೆ ಏನು ಕಾಣುತ್ತಿತ್ತೋ ಅದರ ಮೇಲೆ ತೀರ್ಮಾನಿಸಬೇಕಿತ್ತು, ಮೂರು ಗಂಟೆಯ ಆಕಾಶದ ಮೇಲಲ್ಲ. ಹತ್ತು ಸಲ ಹೀಗೆ ಸುಮ್ಮನೆ ಇಳಿದು ಬರಲು ಒಪ್ಪಿದವರು ಮಾತ್ರ ಹನ್ನೊಂದನೆಯ ಸಲ ಬದುಕಿ ಬರುತ್ತಾರೆ. ಚಾರಣದ ಗುಂಪುಗಳಲ್ಲಿ ‘ಅವತ್ತು ಏನೂ ಆಗಲೇ ಇಲ್ಲ, ಸುಮ್ಮನೆ ಹೆದರಿದರು’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಏನೂ ಆಗದೆ ಇರಲೆಂದೇ ಅಲ್ಲವೇ ಇಳಿದದ್ದು?

ನಮ್ಮ ಯೋಜನೆಯಲ್ಲಿ ಒಂದು ದಿನ ಹೆಚ್ಚಿಗೆ ಇತ್ತು. ವಿಮಾನದ ಟಿಕೆಟ್ಟಿನ ಕಾರಣಕ್ಕೆ ಅರ್ಧ ತಂಡ ಕೆಳಗಿಳಿಯಿತು, ಅರ್ಧ ಉಳಿಯಿತು. ಮರುದಿನ ಎಂಟಕ್ಕೆಲ್ಲ ತಾಲ್‌ನ ದಂಡೆಯಲ್ಲಿದ್ದೆವು. ನೀರಿಗೆ ಹಸಿರು ಬೆರೆತ ಹಾಲಿನ ಬಣ್ಣ. ಹಿಮನದಿ ಬಂಡೆಯನ್ನು ಉಜ್ಜಿ ಉಜ್ಜಿ ಮಾಡಿದ ನುಣುಪಾದ ಕಲ್ಲಿನ ಪುಡಿ ನೀರಿನಲ್ಲಿ ತಳಕ್ಕಿಳಿಯದೆ ತೇಲುತ್ತಿರುವುದರಿಂದ ಆ ಬಣ್ಣ. ಗಾಳಿ ಏಳುವ ಮುಂಚೆ ಮಾತ್ರ ಅದರಲ್ಲಿ ಶಿಖರದ ಬಿಂಬ ನಿಲ್ಲುತ್ತದೆ. ಗಾಳಿ ಎದ್ದರೆ ಬಿಂಬ ಒಡೆಯುತ್ತದೆ. ಹಾಗಾಗಿ ಚಂದದ ಫೋಟೊ ಬೇಕೆನ್ನುವವರಿಗೂ ಬೆಳಗೇ ಸರಿಯಾದ ಸಮಯ. ಒಂಬತ್ತೂವರೆಗೆ ಅಲ್ಲಿಂದ ಎದ್ದೆವು.

ಬೆಟ್ಟದ ಸರೋವರ, ಆಲಿಕಲ್ಲು, ಸಾವು ಎಂದ ಕೂಡಲೇ ಗಢ್ವಾಲಿಗರ ಬಾಯಲ್ಲಿ ಬರುವುದು ರೂಪಕುಂಡ. ಚಮೋಲಿ ಜಿಲ್ಲೆಯಲ್ಲಿ, ತ್ರಿಶೂಲ ಶಿಖರದ ಬುಡದಲ್ಲಿ, ಐದು ಸಾವಿರ ಮೀಟರ್ ಎತ್ತರದಲ್ಲಿರುವ ಆ ಪುಟ್ಟ ಕೊಳದ ಸುತ್ತ ನೂರಾರು ಜನರ ಮೂಳೆಗಳಿವೆ. 1942ರಲ್ಲಿ ಅರಣ್ಯ ಇಲಾಖೆಯ ರೇಂಜರ್ ಒಬ್ಬರು ಅವನ್ನು ಕಂಡ ಮೇಲೆ ಹೊರಜಗತ್ತಿಗೆ ಸುದ್ದಿಯಾಯಿತು. ಸ್ಥಳೀಯರಿಗೆ ಕಥೆ ಮೊದಲೇ ಗೊತ್ತಿತ್ತು. ಕನೌಜಿನ ರಾಜ ಜಸಧವಲ ನರ್ತಕಿಯರನ್ನು ಕಟ್ಟಿಕೊಂಡು ನಂದಾದೇವಿಯ ಯಾತ್ರೆಗೆ ಬಂದ, ದೇವಿ ಮುನಿದು ಕಬ್ಬಿಣದಂಥ ಆಲಿಕಲ್ಲು ಸುರಿಸಿದಳು. ಕೆಲವು ತಲೆಬುರುಡೆಗಳ ಮೇಲಿನ ಪೆಟ್ಟು ಮೇಲಿನಿಂದ ಬಿದ್ದ ಗುಂಡಗಿನ ವಸ್ತುವಿನದೆಂದು ಸಂಶೋಧಕರು ಹೇಳಿದಾಗ ಕಥೆಗೆ ಬಲ ಬಂತು. 2019ರಲ್ಲಿ ಹೈದರಾಬಾದಿನ ಸಿಸಿಎಂಬಿ ಸೇರಿ ಹಲವು ಸಂಸ್ಥೆಗಳ ವಿಜ್ಞಾನಿಗಳು 38 ಮಂದಿಯ ಡಿಎನ್‌ಎ ಓದಿ ಪ್ರಕಟಿಸಿದ್ದು ಎಲ್ಲರನ್ನೂ ಬೆರಗುಗೊಳಿಸಿತು. ಅವರಲ್ಲಿ 23 ಮಂದಿ ಈ ಉಪಖಂಡದವರು, ಸುಮಾರು ಕ್ರಿ.ಶ. 800ರ ಕಾಲದವರು. 14 ಮಂದಿಯ ಮೂಲ ಪೂರ್ವ ಮೆಡಿಟರೇನಿಯನ್, ಒಬ್ಬನದು ಆಗ್ನೇಯ ಏಷ್ಯಾ. ಇವರು ಸತ್ತದ್ದು ಸಾವಿರ ವರ್ಷ ಈಚೆ, 1800ರ ಸುಮಾರಿಗೆ. ಒಂದೇ ದಿನದ ಒಂದೇ ದುರಂತ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ನನ್ನ ಮಟ್ಟಿಗೆ ಇದು ಹಳೆಯ ಕಥೆಗಿಂತ ಹೆಚ್ಚು ನಡುಗಿಸುವ ವಿಷಯ. ದೇವಿಯ ಕೋಪವಾದರೆ ಒಮ್ಮೆ ಆಗಿ ಹೋಯಿತು ಎನ್ನಬಹುದಿತ್ತು. ಒಂದೇ ಜಾಗ ಶತಮಾನಗಳ ಅಂತರದಲ್ಲಿ, ಒಬ್ಬರನ್ನೊಬ್ಬರು ಅರಿಯದ ಜನರನ್ನು ಮತ್ತೆ ಮತ್ತೆ ಹಿಡಿದಿದೆ. ಎಲ್ಲ ಸಾವಿಗೂ ಆಲಿಕಲ್ಲೇ ಕಾರಣವೆಂದು ಹೇಳಲಾಗದು. ಆದರೆ ಆ ಕಡಿದಾದ ಬೋಳು ಜಾಗದಲ್ಲಿ ಹವೆ ಕೆಟ್ಟರೆ ಎಲ್ಲಿಗೂ ಓಡಲಾಗದು ಎಂಬುದು ಅಲ್ಲಿನ ನೆಲ ನೋಡಿದವರಿಗೆ ತಿಳಿಯುತ್ತದೆ. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಎತ್ತರದ ಹುಲ್ಲುಗಾವಲುಗಳಲ್ಲಿ, ಅಂದರೆ ಬುಗ್ಯಾಲ್‌ಗಳಲ್ಲಿ, ರಾತ್ರಿ ತಂಗುವುದನ್ನು ನಿಷೇಧಿಸಿದ ಮೇಲೆ ಗುಡಾರ ಹಾಕಿಕೊಂಡು ರೂಪಕುಂಡಕ್ಕೆ ಹೋಗುವ ಹಳೆಯ ಕ್ರಮ ನಿಂತುಹೋಯಿತು.

ಈಗ ಬಟ್ಟೆಯ ಮಾತು. ಮೈಯ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಇಳಿದರೆ ಅದನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಅದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಒದ್ದೆ ಬಟ್ಟೆ, ಗಾಳಿ, ದಣಿವು ಮೂರೂ ಸೇರಿದರೆ ಐದಾರು ಡಿಗ್ರಿಯ ಹವೆಯೂ ಸಾಕು. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಹತ್ತಿಯ ಟೀ ಶರ್ಟು, ಜೀನ್ಸು ನೀರು ಕುಡಿದು ಮೈಗಂಟಿಕೊಳ್ಳುತ್ತವೆ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಇದನ್ನು ನಮಗೆ ಹೊರಗಿನವರು ಹೇಳಿಕೊಡಬೇಕಾಗಿರಲಿಲ್ಲ. ಮಲೆನಾಡಿನಲ್ಲಿ ಗದ್ದೆಗೆ ಇಳಿಯುವವರು ತಲೆತಲಾಂತರದಿಂದ ಕಂಬಳಿಕೊಪ್ಪೆ ಹಾಕಿಕೊಂಡೇ ಇಡೀ ಮಳೆಗಾಲ ಕಳೆದರು. ಗಢ್ವಾಲದ ಕುರುಬರು ಇಂದಿಗೂ ಉಣ್ಣೆ ಹೊದ್ದೇ ಬುಗ್ಯಾಲ್‌ಗೆ ಹೋಗುತ್ತಾರೆ. ನಡುವೆ ನಾವು ಮಾತ್ರ ಅದನ್ನು ಬಿಟ್ಟು ಬಂದಿದ್ದೇವೆ.

ಜೊತೆಗಾರರಲ್ಲಿ ನೋಡಬೇಕಾದ ಗುರುತುಗಳು ಸರಳ. ಮೊದಲು ನಡುಕ. ಆಮೇಲೆ ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಜಿಪ್ ಎಳೆಯಲು ಬೆರಳು ಬರುವುದಿಲ್ಲ. ಸಿಡುಕು ಅಥವಾ ಮೌನ. ಒದ್ದೆಯಲ್ಲೇ ಇರುವವರ ನಡುಕ ಇದ್ದಕ್ಕಿದ್ದಂತೆ ನಿಂತರೆ ಅವರು ಚೇತರಿಸಿಕೊಂಡರೆಂದು ತಿಳಿಯಬಾರದು, ಮೈ ಸೋತಿದೆ ಎಂದರ್ಥ. ಆಗ ನಡೆಸುವುದನ್ನು ನಿಲ್ಲಿಸಿ, ಗಾಳಿಯ ಮರೆ ಮಾಡಿ, ಒದ್ದೆ ತೆಗೆದು ಒಣ ಬಟ್ಟೆ ಹಾಕಿ ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿಸಬೇಕು. ನುಂಗಲು ಬರುವಂತಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಬೇಕು. ಕೈಕಾಲು ಉಜ್ಜಬಾರದು, ಬ್ರಾಂದಿ ಕುಡಿಸಲೇಬಾರದು. ಇದಕ್ಕಾಗಿ ಒಂದು ಜೊತೆ ಒಣ ಉಣ್ಣೆ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಕೊಂಡು ಸರೋವರದ ದಿನ ಪ್ರತಿಯೊಬ್ಬರ ಬೆನ್ನ ಮೇಲೂ ಇರಬೇಕು. ‘ಇವತ್ತು ಹೋಗಿ ಬರುವುದಷ್ಟೇ’ ಎಂದು ಎಲ್ಲವನ್ನೂ ಗುಡಾರದಲ್ಲಿ ಬಿಟ್ಟು ನೀರಿನ ಬಾಟಲಿ, ಫೋನು ಹಿಡಿದು ಹೊರಡುವುದನ್ನು ಪ್ರತಿ ದಾರಿಯಲ್ಲೂ ಕಾಣುತ್ತೇನೆ. ತಂಡಕ್ಕೊಂದು ಹಗುರ ಟಾರ್ಪಾಲು ಇದ್ದರೆ ಹತ್ತು ಮಂದಿ ಒತ್ತಾಗಿ ಅದರಡಿ ಕೂರಬಹುದು.

ಫೋನಿನ ಮೇಲೆ ಹೆಚ್ಚು ಭರವಸೆ ಇಡುವಂತಿಲ್ಲ. ಈ ಕಣಿವೆಗಳಲ್ಲಿ ನೆಟ್‌ವರ್ಕ್ ಸಿಗುವ ದಿಣ್ಣೆ ಹುಡುಕಿಕೊಂಡು ಯಾರಾದರೂ ಗಂಟೆಗಟ್ಟಲೆ ನಡೆಯಬೇಕಾಗುತ್ತದೆ. ಸ್ಯಾಟಲೈಟ್ ಫೋನನ್ನು ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಎತ್ತರ ಅಳೆಯುವ ಕೈಗಡಿಯಾರ ಇದಕ್ಕಿಂತ ಹೆಚ್ಚು ಉಪಕಾರಿ. ಮಲಗುವಾಗ 3,700 ಮೀಟರ್ ತೋರಿಸಿದ ಗಡಿಯಾರ ಅದೇ ಗುಡಾರದಲ್ಲಿ ಬೆಳಗ್ಗೆ 3,740 ತೋರಿಸಿದರೆ ಗಾಳಿಯ ಒತ್ತಡ ಕುಸಿದಿದೆ, ಹವೆ ಕೆಡಲಿದೆ ಎಂದು ಅರ್ಥ. ಗುಡುಗಿಗೂ ಒಂದು ಲೆಕ್ಕವಿದೆ. ಮಿಂಚು ಕಂಡ ಮೂವತ್ತು ಸೆಕೆಂಡಿನೊಳಗೆ ಸದ್ದು ಕೇಳಿದರೆ ಸಿಡಿಲು ಹತ್ತು ಕಿಲೊಮೀಟರಿನ ಒಳಗಿದೆ. ದಿಣ್ಣೆಯ ಬೆನ್ನಿನಿಂದ, ಒಂಟಿ ಬಂಡೆಯಿಂದ, ನೀರಿನ ದಂಡೆಯಿಂದ ದೂರ ಸರಿಯಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೂ ಏಳಬಾರದು.

ಇವೆಲ್ಲ ಕಲಿಯಬಹುದಾದ ವಿಷಯಗಳು. ಕಲಿಯಲು ಕಷ್ಟವಾದದ್ದು ದಿನಗಳ ಲೆಕ್ಕ. ಬೆಂಗಳೂರಿನ ಉದ್ಯೋಗಿಗೆ ಐದು ದಿನ ರಜೆ, ಎರಡು ಕಡೆ ವಾರಾಂತ್ಯ. ಅದರೊಳಗೆ ಡೆಹ್ರಾಡೂನ್, ಅಲ್ಲಿಂದ ಇಡೀ ದಿನದ ಜೀಪು ಪ್ರಯಾಣ, ನಡಿಗೆ, ವಾಪಸು. ಇದಕ್ಕೆ ಸರಿಯಾಗಿ ಪ್ಯಾಕೇಜುಗಳನ್ನು ಕತ್ತರಿಸಿ ಹೊಲಿದಿರುತ್ತಾರೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂದು ವೈದ್ಯರು ಹೇಳುತ್ತಾರೆ. ಅದಕ್ಕೇ ಜಾಗ ಸಿಗದಿರುವ ಪಟ್ಟಿಯಲ್ಲಿ ಹವೆಗಾಗಿ ಕಾಯುವ ದಿನ ಎಲ್ಲಿಂದ ಬರಬೇಕು? ಹಾಗಾಗಿ ಸರೋವರದ ದಿನ ಒಂದೇ ದಿನವಾಗುತ್ತದೆ, ಅಂದು ಆಕಾಶ ಹೇಗಿದ್ದರೂ ಹೊರಡಬೇಕಾಗುತ್ತದೆ. ಬುಕಿಂಗ್ ಮಾಡುವಾಗ ನಾವು ಕೇಳುವ ಪ್ರಶ್ನೆಗಳು ಊಟ, ಶೌಚದ ಗುಡಾರ, ಬೆನ್ನಚೀಲ ಹೊರುವ ಹೇಸರಗತ್ತೆಯ ಬಾಡಿಗೆ. ಹವೆ ಕೆಟ್ಟರೆ ಕಾಯಲು ದಿನವಿದೆಯೇ, ಎಷ್ಟು ಗಂಟೆಗೆ ಎಲ್ಲೇ ಇದ್ದರೂ ಹಿಂದಿರುಗುತ್ತೀರಿ ಎಂದು ಕೇಳುವವರು ಅಪರೂಪ. ಕೇಳುವವರು ಹೆಚ್ಚಾದರೆ ಉತ್ತರ ಇಟ್ಟುಕೊಳ್ಳುವ ಸಂಸ್ಥೆಗಳೂ ಹೆಚ್ಚಾಗುತ್ತವೆ.

ಹೆಚ್ಚಿನ ದಿನಕ್ಕೆ ಹಣ ಬೇಕು. ಗೈಡ್, ಅಡುಗೆಯವರು, ಹೊರೆಯಾಳುಗಳು ಎಲ್ಲರಿಗೂ ಒಂದು ದಿನದ ಕೂಲಿ. ಹಿಂದಿರುಗುವ ತೀರ್ಮಾನದ ಸುತ್ತ ಇನ್ನೊಂದು ಹಣವೂ ಇದೆ. ಬೇಸ್ ಕ್ಯಾಂಪಿನ ಹುಡುಗರು ಅದರ ಬಗ್ಗೆ ನಮ್ಮೆದುರು ಮಾತಾಡುವುದಿಲ್ಲ, ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಸರೋವರ ಮುಟ್ಟಿದ ತಂಡ ಕೊನೆಯ ದಿನ ಖುಷಿಯಿಂದ ಟಿಪ್ ಕೊಡುತ್ತದೆ. ಅರ್ಧದಿಂದ ತಿರುಗಿದ ತಂಡ ಮುಖ ಗಂಟು ಹಾಕಿಕೊಂಡು ಜೀಪು ಹತ್ತುತ್ತದೆ. ಮೇ-ಜೂನ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನ ಕೆಲವೇ ವಾರಗಳಲ್ಲಿ ವರ್ಷದ ದುಡಿಮೆ ಮಾಡಿಕೊಳ್ಳಬೇಕಾದ ಯುವಕನೊಬ್ಬ ಕಲ್ಲುರಾಶಿಯ ಮೇಲೆ ನಿಂತು ಮೋಡ ನೋಡುವಾಗ ಈ ಲೆಕ್ಕವೂ ಅವನ ಮನಸ್ಸಿನಲ್ಲಿ ಇರುತ್ತದೆ. ಇರಬಾರದೆಂದು ನಾವು ಹೇಳಿದರೆ ಹೋಗುವುದಿಲ್ಲ. ಅದಕ್ಕೇ ಕೇದಾರ್‌ತಾಲ್ ಆದ ಮೇಲೆ ನಾವು ಕೆಲವು ಗೆಳೆಯರು ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಟಿಪ್ ಹಣವನ್ನು ಎಲ್ಲರಿಂದ ಮೊದಲೇ ಸಂಗ್ರಹಿಸಿ, ಸರೋವರಕ್ಕೆ ಹೊರಡುವ ಹಿಂದಿನ ರಾತ್ರಿ, ಊಟದ ಗುಡಾರದಲ್ಲೇ, ಎಲ್ಲರೆದುರು ಗೈಡ್ ಕೈಗೆ ಪೂರ್ತಿ ಕೊಟ್ಟುಬಿಡುತ್ತೇವೆ.